ಬೆಂಕಿಬೆಟ್ಟದ ಬುಡದ ಗದ್ದೆಗಳು

ಬಾಲಿಯ ಹಳ್ಳಿಗಳಲ್ಲಿ ದಿಕ್ಕು ಹೇಳಲು ಮುಖ್ಯವಾಗಿ ಎರಡೇ ಮಾತು. ಬೆಟ್ಟದ ಕಡೆಗೆ ‘ಕಾಜ’, ಕಡಲ ಕಡೆಗೆ ‘ಕೆಲೋದ್’. ದ್ವೀಪದ ದಕ್ಷಿಣ ಭಾಗದವರಿಗೆ ಕಾಜ ಎಂದರೆ ಉತ್ತರ, ಉತ್ತರ ದಂಡೆಯವರಿಗೆ ಅದೇ ಮಾತು ದಕ್ಷಿಣ. ದಿಕ್ಸೂಚಿಯ ಮುಳ್ಳು ಎತ್ತ ತಿರುಗಿದರೂ ಅವರ ಲೆಕ್ಕ ಬೇರೆ, ಬೆಟ್ಟ ಎಲ್ಲಿದೆ ಎಂಬುದೇ ಲೆಕ್ಕ. ಮನೆಯ ದೇವರ ಗುಡಿ ಬೆಟ್ಟದ ಕಡೆಯ ಮೂಲೆಯಲ್ಲಿರಬೇಕು, ಹಂದಿಗೂಡು ಕಡಲ ಕಡೆಗಿರಬೇಕು, ಮಲಗುವಾಗ ತಲೆ ಬೆಟ್ಟದತ್ತ ಅಥವಾ ಪೂರ್ವದತ್ತ ಇರಬೇಕು. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ಊರುಗಳನ್ನು ಗುರುತಿಸುತ್ತಲೇ ಬೆಳೆದ ಮಲೆನಾಡಿನ ನನಗೆ ಇದು ಒಂದೇ ದಿನದಲ್ಲಿ ರೂಢಿಯಾಯಿತು.

ಆ ಬೆಟ್ಟದ ಹೆಸರು ಅಗುಂಗ್. ಎತ್ತರ 3,000 ಮೀಟರಿಗೂ ಹೆಚ್ಚು. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಸಾವಿರಕ್ಕೂ ಹೆಚ್ಚು ಮೀಟರ್ ಏರಿಸಿದರೆ ಎಷ್ಟಾದೀತೋ ಅಷ್ಟು. ಅದು ಜೀವಂತ ಜ್ವಾಲಾಮುಖಿ. ಅದರ ಬುಡದಲ್ಲೇ ಲಕ್ಷಾಂತರ ಜನ ಗದ್ದೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು, ಹಬ್ಬ ಮಾಡಿಕೊಂಡು ಬಾಳುತ್ತಿದ್ದಾರೆ.

2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಬಾಲಿಯ ಡೆನ್ಪಸಾರಿಗೆ ನೇರ ವಿಮಾನ ಶುರುವಾಯಿತು. ಅದಾದ ಮೇಲೆ ಮಧುಚಂದ್ರಕ್ಕೆ, ಮಕ್ಕಳ ಬೇಸಿಗೆ ರಜೆಗೆ, ಗೆಳೆಯರ ಗುಂಪಿನ ಪ್ರವಾಸಕ್ಕೆ ಅಲ್ಲಿಗೆ ಹೋಗುವ ಕನ್ನಡಿಗರು ಹೆಚ್ಚಾಗಿದ್ದಾರೆ. ಆ ವರ್ಷ ಬಾಲಿಗೆ ಬಂದ ವಿದೇಶಿಯರು 60 ಲಕ್ಷಕ್ಕೂ ಮೇಲೆ. ಅವರಲ್ಲಿ ಆಸ್ಟ್ರೇಲಿಯಾದವರು ಮೊದಲ ಸ್ಥಾನದಲ್ಲಿದ್ದರೆ ಎರಡನೆಯ ಸ್ಥಾನ ಭಾರತೀಯರದು. ದ್ವೀಪದ ಜನಸಂಖ್ಯೆಯೇ 43 ಲಕ್ಷದ ಆಸುಪಾಸು. ಬಂದವರಲ್ಲಿ ಬಹುಪಾಲು ಜನ ಕುಟ, ಸೆಮಿನ್ಯಾಕ್, ನುಸಾ ದುವಾ ಎಂಬ ಕಡಲಂಚಿನ ಊರುಗಳಲ್ಲಿ ಉಳಿದು, ಒಂದು ದಿನ ಕಾರು ಮಾಡಿಕೊಂಡು ಉಬುದಿಗೆ ಹೋಗಿ, ಮೆಟ್ಟಿಲುಗದ್ದೆಯ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಆ ಫೋಟೊದ ಹಿನ್ನೆಲೆಯಲ್ಲಿರುವ ಹಸಿರು ಎಲ್ಲಿಂದ ಬಂತು, ಯಾರು ಅದನ್ನು ಕಾಯುತ್ತಿದ್ದಾರೆ ಎಂಬುದನ್ನು ಹೋಗುವ ಮೊದಲೇ ತಿಳಿದುಕೊಂಡರೆ ನಮ್ಮ ರಜೆ ಬೇರೆಯದೇ ಆಗುತ್ತದೆ. ಅದನ್ನೇ ಇಲ್ಲಿ ವಿವರಿಸಲು ಹೊರಟಿದ್ದೇನೆ.

ನಾವು ಉಳಿದದ್ದು ಪೂರ್ವ ಬಾಲಿಯ ಸಿಡೆಮೆನ್ ಕಣಿವೆಯಲ್ಲಿ, ಗದ್ದೆಯಂಚಿನ ಒಂದು ಸಣ್ಣ ರಿಸಾರ್ಟಿನಲ್ಲಿ. ಆರೇಳು ಕೋಣೆ, ಜೊಂಡುಹುಲ್ಲಿನ ಮಾಡು, ಎದುರಿಗೆ ಗದ್ದೆ, ಗದ್ದೆಯಾಚೆ ಹೊಳೆ, ಹೊಳೆಯಾಚೆ ತೆಂಗಿನ ತೋಟ, ಅದರ ಮೇಲೆ ಅಗುಂಗ್. ಬೆಳಿಗ್ಗೆ ಆರಕ್ಕೆ ಬೆಟ್ಟ ಬುಡದಿಂದ ತುದಿಯವರೆಗೆ ನಿಚ್ಚಳವಾಗಿ ಕಾಣುತ್ತದೆ. ಒಂಬತ್ತಾಗುವಷ್ಟರಲ್ಲಿ ಸೊಂಟಕ್ಕೆ ಮೋಡ ಸುತ್ತಿಕೊಂಡು, ಆಮೇಲೆ ಸಂಜೆಯವರೆಗೂ ದರ್ಶನವಿಲ್ಲ. ಬೆಟ್ಟ ನೋಡಬೇಕೆನ್ನುವವರು ಬೇಗ ಏಳಲೇಬೇಕು.

ಆ ಹೊತ್ತಿಗೆ ಮನೆಯೊಡತಿ ಸೊಂಟಕ್ಕೆ ಹಳದಿ ವಸ್ತ್ರ ಕಟ್ಟಿಕೊಂಡು, ತಟ್ಟೆ ತುಂಬ ಪುಟ್ಟ ಪುಟ್ಟ ಗರಿಬುಟ್ಟಿ ಹಿಡಿದು ಬರುತ್ತಿದ್ದರು. ಎಳೆ ತೆಂಗಿನ ಗರಿಯನ್ನು ಮಡಚಿ, ಬಿದಿರುಕಡ್ಡಿ ಚುಚ್ಚಿ ಮಾಡಿದ ಅಂಗೈಯಗಲದ ಚೌಕ. ಅದಕ್ಕೆ ‘ಚನಾಂಗ್ ಸಾರಿ’ ಎಂದು ಹೆಸರು. ಒಳಗೆ ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಇಲ್ಲವೇ ಹಸಿರು. ಕೇಳಿದರೆ ಒಂದೊಂದರ ದೇವರನ್ನೂ ಹೇಳಿದರು: ಈಶ್ವರ, ಬ್ರಹ್ಮ, ಮಹಾದೇವ, ವಿಷ್ಣು. ಬಾಗಿಲಿಗೊಂದು, ಒಲೆಗೊಂದು, ಗದ್ದೆಗೆ ನೀರು ಹೊಕ್ಕುವ ಕಡೆಗೊಂದು. ಊದುಬತ್ತಿ ಹಚ್ಚಿ, ಹೂವಿನಿಂದ ಮೂರು ಬಾರಿ ನೀರು ಚಿಮುಕಿಸಿ ಮುಂದೆ ಹೋಗುತ್ತಿದ್ದರು. ಆ ನೀರಿಗೆ ಅವರು ಹೇಳುವ ಮಾತು ‘ತೀರ್ಥ’. ಬಾಲಿಯವರ ಧರ್ಮಕ್ಕೇ ತೀರ್ಥಧರ್ಮ ಎನ್ನುವ ರೂಢಿಯೂ ಇದೆ. ಬಾಲಿಯಲ್ಲಿ ಪೂಜೆ, ಬೇಸಾಯ, ಊರಿನ ಆಡಳಿತ ಎಲ್ಲವೂ ನೀರಿನ ಸುತ್ತ ಕಟ್ಟಿಕೊಂಡಿವೆ. ಆ ನೀರಿನ ಕತೆಗೆ ಹೋಗುವ ಮೊದಲು ಬೆಂಕಿಯ ಕತೆ ಹೇಳಬೇಕು.

ಬಾಲಿಯ ದಕ್ಷಿಣಕ್ಕೆ ಕಡಲ ತಳದಲ್ಲಿ ಆಸ್ಟ್ರೇಲಿಯಾವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 6–7 ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತಾ ಏಷ್ಯಾದ ಅಂಚಿನಡಿ ನುಗ್ಗುತ್ತಿದೆ. ಕಡಲಡಿಯ ಬಂಡೆ ತನ್ನೊಂದಿಗೆ ನೀರನ್ನೂ ಒಳಕ್ಕೆ ಒಯ್ಯುತ್ತದೆ. ನೂರು ಕಿಲೋಮೀಟರಿನಷ್ಟು ಆಳಕ್ಕೆ ಇಳಿದಾಗ ಒತ್ತಡಕ್ಕೆ ಆ ನೀರು ಹಿಂಡಿ ಹೊರಬಂದು ಮೇಲಿನ ಬಿಸಿಬಂಡೆಯನ್ನು ಸೇರುತ್ತದೆ. ನೀರು ಸೇರಿದ ಬಂಡೆ ಕಡಿಮೆ ಶಾಖಕ್ಕೇ ಕರಗುತ್ತದೆ. ಹೀಗೆ ಕರಗಿದ್ದು ಮೇಲೇರಿ, ಸಿಕ್ಕ ಬಿರುಕಿನಲ್ಲಿ ಹೊರಬಂದು, ಸುಮಾತ್ರ, ಜಾವಾ, ಬಾಲಿ, ಲೊಂಬೊಕ್ ಎಂಬ ದ್ವೀಪಗಳ ಬೆನ್ನ ಮೇಲೆ ಸಾಲು ಬೆಟ್ಟಗಳನ್ನು ಎಬ್ಬಿಸಿದೆ. ಈ ಕಡೆಯ ಶಿಲಾರಸ ಅಂಟಂಟು, ಅದರಲ್ಲಿ ಅನಿಲವೂ ಹೆಚ್ಚು. ಹಾಗಾಗಿ ಇಲ್ಲಿನ ಬೆಟ್ಟಗಳು ಸುಮ್ಮನೆ ಉಕ್ಕಿ ಹರಿಯುವುದಕ್ಕಿಂತ ಸಿಡಿಯುವುದೇ ಹೆಚ್ಚು.

ಸಿಡಿದಾಗ ಬೀಳುವ ಬೂದಿ ಮೊದಲು ಬೆಳೆಯನ್ನು ಸುಡುತ್ತದೆ, ಮಾಡು ಮುರಿಯುತ್ತದೆ, ಹೊಳೆ ಕಟ್ಟುತ್ತದೆ. ಆದರೆ ಅದು ನುಣ್ಣನೆಯ ಗಾಜಿನ ಪುಡಿಯಂಥ ಬೂದಿ. ಬಿಸಿಲು ಮಳೆಗೆ ಬೇಗ ಸವೆದು ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ರಂಜಕಗಳನ್ನು ಮಣ್ಣಿಗೆ ಬಿಟ್ಟುಕೊಡುತ್ತದೆ. ನೀರನ್ನೂ ಚೆನ್ನಾಗಿ ಹಿಡಿದಿಡುತ್ತದೆ. ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಎರೆಮಣ್ಣೂ ಲಾವಾದಿಂದಲೇ ಆದದ್ದು. ಅಲ್ಲಿ ಬೆಂಕಿ ಆರಿ ಆರೂವರೆ ಕೋಟಿ ವರ್ಷ ಕಳೆದಿದೆ, ಇಲ್ಲಿ ಇನ್ನೂ ಉರಿಯುತ್ತಿದೆ. ಅಷ್ಟೇ ವ್ಯತ್ಯಾಸ.

1963ರ ಫೆಬ್ರುವರಿಯಲ್ಲಿ ಅಗುಂಗ್ ಹೊಗೆಯಾಡತೊಡಗಿದಾಗ ಅದರ ಇಳಿಜಾರಿನ ಬೆಸಾಕಿ ದೇವಾಲಯದಲ್ಲಿ ‘ಏಕಾದಶ ರುದ್ರ’ ಎಂಬ ಮಹಾಪೂಜೆ ನಡೆಯುತ್ತಿತ್ತು. ಅದು ನೂರು ವರ್ಷಕ್ಕೊಮ್ಮೆ ಆಗಬೇಕಾದ ಪೂಜೆ. ಮಾರ್ಚ್ 17ರಂದು ಬೆಟ್ಟ ಸಿಡಿಯಿತು. ಮೇ ತಿಂಗಳಲ್ಲಿ ಮತ್ತೊಮ್ಮೆ. ಕುದಿಯುವ ಬೂದಿಯ ಮೋಡ ಕಣಿವೆಗಳಲ್ಲಿ ಉರುಳಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ಬೆಸಾಕಿಯ ಗುಡಿಗಳ ಮಗ್ಗುಲಲ್ಲೇ ಹಾದುಹೋಯಿತು, ಗುಡಿಗಳು ಉಳಿದವು. ಮೇಲೆ ಹೋದ ಗಂಧಕದ ಮಬ್ಬು ವಾಯುಮಂಡಲದ ಎತ್ತರದ ಪದರವನ್ನು ಸೇರಿ ಬಿಸಿಲನ್ನು ತಡೆದದ್ದರಿಂದ ಭೂಮಿಯೇ ಕೆಲಕಾಲ ತುಸು ತಣ್ಣಗಾಯಿತು. ಹವಾಮಾನ ವಿಜ್ಞಾನಿಗಳು ಇಂದಿಗೂ ಅಗುಂಗ್ ಹೆಸರು ಎತ್ತುವುದು ಆ ಕಾರಣಕ್ಕೆ. ಬಾಲಿಯ ಹಿರಿಯರ ಮಾತು ಬೇರೆ. ಪೂಜೆಯ ಕಾಲ ತಪ್ಪಿತ್ತು, ಅದಕ್ಕೇ ಬೆಟ್ಟ ಮುನಿಯಿತು ಎಂದು ಅವರಲ್ಲಿ ಅನೇಕರು ನಂಬಿದರು. ಶಕವರ್ಷದ ಕೊನೆಗೆ ಎರಡು ಸೊನ್ನೆ ಬಂದಾಗ ಆ ಪೂಜೆ ಆಗಬೇಕು. ಹಾಗಾಗಿ ಶಕ 1900 ಮುಗಿಯುವ ಹೊತ್ತಿಗೆ, 1979ರಲ್ಲಿ, ಅದನ್ನು ಮತ್ತೆ ಮಾಡಿದರು.

ಶಕವರ್ಷ ಎಂದಾಗ ನಮ್ಮವರ ಕಿವಿ ನಿಮಿರಬೇಕು. ನಮ್ಮ ಪಂಚಾಂಗದ ಮೊದಲ ಪುಟದಲ್ಲಿ ಅಚ್ಚಾಗುವ ಶಾಲಿವಾಹನ ಶಕೆಯೂ ಅವರ ಶಕವೂ ಒಂದೇ ಎಣಿಕೆ. 2025ರ ಮಾರ್ಚ್ 29ರಂದು ಬಾಲಿಯಲ್ಲಿ ಶಕ 1947 ಹುಟ್ಟಿತು, ಮರುದಿನ ನಮಗೆ ಯುಗಾದಿಯಾಗಿ ಅದೇ 1947 ಬಂತು. ಎಲ್ಲ ವರ್ಷವೂ ಹೀಗೆ ಕೂಡಿಬರುವುದಿಲ್ಲ. ಅಧಿಕಮಾಸದ ಲೆಕ್ಕ ಬೇರೆಯಾದ್ದರಿಂದ ಕೆಲವೊಮ್ಮೆ ತಿಂಗಳ ಅಂತರ ಬೀಳುತ್ತದೆ. ನಾವು ಹೊಸ ವರ್ಷಕ್ಕೆ ಬೇವುಬೆಲ್ಲ ತಿಂದು ಒಬ್ಬಟ್ಟು ಮಾಡುತ್ತೇವೆ, ಅವರು ಮೌನ ಹಿಡಿಯುತ್ತಾರೆ. ‘ನ್ಯೆಪಿ’ ಎಂಬ ಆ ದಿನ ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹೊರಗೆ ತಿರುಗುವಂತಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚುತ್ತದೆ, ಮೊಬೈಲ್ ಇಂಟರ್ನೆಟ್ ನಿಲ್ಲುತ್ತದೆ. ರಿಸಾರ್ಟಿನ ಅತಿಥಿಗಳೂ ಒಳಗೇ ಇರಬೇಕು. ಆ ದಿನ ಅಲ್ಲಿರುವ ಯೋಗ ಬಂದರೆ ತಪ್ಪಿಸಿಕೊಳ್ಳಬೇಡಿ. ಇಡೀ ದ್ವೀಪ ದೀಪ ಆರಿಸಿದ ರಾತ್ರಿ ನಕ್ಷತ್ರ ನೋಡುವ ಅವಕಾಶ ಹಣಕ್ಕೆ ಸಿಗುವಂಥದ್ದಲ್ಲ.

ಅಗುಂಗಿನ ವಾಯವ್ಯಕ್ಕೆ ಬಟುರ್ ಇದೆ. ಸುಮಾರು 29,000 ಮತ್ತು 20,000 ವರ್ಷಗಳ ಹಿಂದೆ ಎರಡು ಭಾರಿ ಸ್ಫೋಟಗಳಾಗಿ ಹಳೆಯ ಬೆಟ್ಟ ಒಳಕ್ಕೆ ಕುಸಿದು 13 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲದ ಬೋಗುಣಿಯಾಯಿತು. ಬೋಗುಣಿಯ ನಡುವೆ ಮತ್ತೆ ಎದ್ದ ಹೊಸ ಬೆಟ್ಟವೇ ಇಂದಿನ ಬಟುರ್, ಎತ್ತರ 1,717 ಮೀಟರ್. ಪಕ್ಕದಲ್ಲಿ ಅರ್ಧಚಂದ್ರದಂತೆ ಬಾಗಿದ ಕೆರೆ. ಬಾಲಿಯಲ್ಲೇ ದೊಡ್ಡ ಕೆರೆ ಅದು. ಬೋಗುಣಿಯ ಅಂಚಿನ ಕಿಂತಾಮಣಿಯಲ್ಲಿ ನಿಂತು ಕೆಳಗೆ ನೋಡಿದರೆ ಬೆಟ್ಟದ ಮೈ ಮೇಲೆ ಕಪ್ಪು ಕಂಬಳಿ ಎಳೆದಂತೆ ಲಾವಾ ಹರಡಿರುವುದು ಕಾಣುತ್ತದೆ. 1926ರಲ್ಲಿ ಲಾವಾ ಬಟುರ್ ಹಳ್ಳಿಯನ್ನೂ ಅದರ ದೇವಾಲಯವನ್ನೂ ಮುಚ್ಚಿಹಾಕಿತು. ಜನ ದೇವರನ್ನು ಹೊತ್ತುಕೊಂಡು ಬೋಗುಣಿಯ ಅಂಚಿಗೆ ಹತ್ತಿ ಬಂದು ಅಲ್ಲೇ ಹೊಸ ಊರು, ಹೊಸ ಗುಡಿ ಕಟ್ಟಿಕೊಂಡರು.

ಆ ಗುಡಿ ಕೆರೆಯ ದೇವತೆ ದೇವಿ ದನುವಿನದು. ಅಲ್ಲಿಂದಲೇ ಬಾಲಿಯ ನೀರಿನ ಕತೆ ಶುರು. ಬಟುರ್ ಕೆರೆಗೆ ಕೋಡಿ ಇಲ್ಲ, ಹೊರಗೆ ಹರಿಯುವ ಹೊಳೆ ಇಲ್ಲ. ನೀರು ಇಂಗುತ್ತದೆ. ಕೆಳಗಿನ ಇಳಿಜಾರುಗಳಲ್ಲಿ ಎಲ್ಲೆಲ್ಲಿ ಒರತೆ ಚಿಮ್ಮುತ್ತದೋ ಅದೆಲ್ಲ ಆ ತಾಯಿಯ ನೀರೆಂದು ರೈತರು ನಂಬುತ್ತಾರೆ. ಸುಗ್ಗಿಯ ಒಂದು ಪಾಲನ್ನು ಆ ಗುಡಿಗೆ ಮುಟ್ಟಿಸುತ್ತಾರೆ.

ಬಾಲಿಯ ಹೊಳೆಗಳು ಬೂದಿಬಂಡೆಯನ್ನು ಕೊರೆದು ಆಳದ ಕಂದರಗಳಲ್ಲಿ ಹರಿಯುತ್ತವೆ. ಗದ್ದೆ ಮೇಲೆ, ನೀರು ಕೆಳಗೆ. ಹಾಗಾಗಿ ದೂರದಲ್ಲೇ ಒಡ್ಡು ಕಟ್ಟಿ, ಬಂಡೆಯಲ್ಲಿ ಸುರಂಗ ತೋಡಿ, ಕಿಲೋಮೀಟರುಗಟ್ಟಲೆ ಕಾಲುವೆಯಲ್ಲಿ ನೀರು ತರಬೇಕು. 9ನೇ ಶತಮಾನದ ಕೊನೆಯ ಶಾಸನವೊಂದರಲ್ಲೇ ಸುರಂಗ ತೋಡುವ ಕಸುಬಿನವರ ಹೆಸರು ಬರುತ್ತದೆ. ಪುತ್ತೂರು, ಕಾಸರಗೋಡಿನ ಕಡೆ ಗುಡ್ಡ ಕೊರೆದು ಸುರಂಗದಲ್ಲಿ ನೀರು ತರುವುದನ್ನು ಕಂಡವರಿಗೆ ಆ ಕಸುಬಿನ ಬೆಲೆ ಗೊತ್ತು. ಇಷ್ಟು ದೊಡ್ಡ ಕೆಲಸ ಒಬ್ಬನಿಂದ ಆಗದು. ಒಂದೇ ಮೂಲದ ನೀರು ಉಣ್ಣುವ ರೈತರೆಲ್ಲ ಸೇರಿ ಮಾಡಿಕೊಂಡ ಕೂಟಕ್ಕೆ ‘ಸುಬಾಕ್’ ಎಂದು ಹೆಸರು. ದ್ವೀಪದಲ್ಲಿ ಇಂಥ ಸುಮಾರು 1,200 ಕೂಟಗಳಿವೆ. ಒಂದೊಂದರಲ್ಲಿ 50ರಿಂದ 400 ರೈತರು. 2012ರಲ್ಲಿ ಯುನೆಸ್ಕೊ ಐದು ಕಡೆಯ ಗದ್ದೆ, ನೀರಗುಡಿಗಳ 19,500 ಹೆಕ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸುಬಾಕಿನ ಜೀವ ಇರುವುದು ಒಂದು ದಿಮ್ಮಿಯಲ್ಲಿ. ಸಿಡೆಮೆನ್ನಿನಲ್ಲಿ ಒಂದು ಬೆಳಿಗ್ಗೆ ಗದ್ದೆ ಬದುವಿನ ಮೇಲೆ ನಡೆಯುತ್ತಿದ್ದಾಗ ಕಾಲುವೆಗೆ ಅಡ್ಡಲಾಗಿ ಮಲಗಿಸಿದ ಮರದ ದಿಮ್ಮಿಯೊಂದನ್ನು ಕಂಡೆ. ಪಾಚಿಗಟ್ಟಿತ್ತು. ಮೇಲ್ಮೈಯಲ್ಲಿ ಎರಡು ಕಚ್ಚು, ಒಂದು ಗೇಣಗಲ, ಇನ್ನೊಂದು ನಾಲ್ಕು ಬೆರಳಗಲ. ಆಳ ಮಾತ್ರ ಎರಡಕ್ಕೂ ಒಂದೇ. ನೀರು ಆ ಕಚ್ಚುಗಳಿಂದ ಇಳಿದು ಎರಡು ಕವಲಾಗಿ ಎರಡು ಗದ್ದೆಸಾಲಿಗೆ ಹೋಗುತ್ತಿತ್ತು. ಹೆಚ್ಚು ಗದ್ದೆಯಿರುವ ಕಡೆಗೆ ಅಗಲ ಕಚ್ಚು, ಕಡಿಮೆಯಿರುವ ಕಡೆಗೆ ಕಿರಿದು. ಕಾಲುವೆಯಲ್ಲಿ ನೀರು ಏರಲಿ, ಇಳಿಯಲಿ, ಪಾಲು ಬದಲಾಗದು. ಮಳೆಗಾಲದಲ್ಲೂ ಅದೇ ನ್ಯಾಯ, ಬರಗಾಲದಲ್ಲೂ ಅದೇ ನ್ಯಾಯ. ಈಗ ಹಲವೆಡೆ ದಿಮ್ಮಿಯ ಜಾಗದಲ್ಲಿ ಸಿಮೆಂಟಿನ ಕಟ್ಟೆ ಬಂದಿದೆ, ಲೆಕ್ಕ ಹಳೆಯದೇ. ರಾತ್ರಿ ಬಂದು ಕಚ್ಚು ದೊಡ್ಡದು ಮಾಡಿದವನನ್ನು ಸಭೆ ಕರೆದು ದಂಡ ಹಾಕುತ್ತಾರೆ. ಸಭೆಯ ಮುಖ್ಯಸ್ಥ ‘ಪೆಕಾಸೆ’. ನಮ್ಮ ಹಳೇ ಮೈಸೂರಿನ ಕೆರೆಬಯಲುಗಳಲ್ಲಿ ತೂಬು ಎತ್ತಿ ಸರದಿಯಂತೆ ನೀರು ಬಿಡುತ್ತಿದ್ದ ನೀರಗಂಟಿ ನೆನಪಾದ. ನೀರಗಂಟಿ ಗದ್ದೆಯವರಿಗೆ ನೀರು ಹಂಚುತ್ತಿದ್ದ ಊರಿನ ಆಳು. ಪೆಕಾಸೆ ಗದ್ದೆಯವರೇ ಆರಿಸಿದ ಒಬ್ಬ ಗದ್ದೆಯವನು.

ಕಷ್ಟದ ಲೆಕ್ಕ ಇರುವುದು ಕೂಟ-ಕೂಟಗಳ ನಡುವೆ. ಮೇಲಿನ ಊರಿನವರು ನೀರು ಕಟ್ಟಿಕೊಂಡರೆ ಕೆಳಗಿನವರಿಗೆ ನಾಟಿಯಿಲ್ಲ. ಮೇಲಿನವರು ಯಾಕೆ ಬಿಟ್ಟುಕೊಡಬೇಕು? ಇದಕ್ಕೆ ಉತ್ತರ ಹುಳುಗಳಲ್ಲಿದೆ. ಭತ್ತಕ್ಕೆ ಬೀಳುವ ಕಂದು ಜಿಗಿಹುಳು ಹಸಿರಿಲ್ಲದಿದ್ದರೆ ಸಾಯುತ್ತದೆ. ಒಂದು ಬಯಲಿನವರೆಲ್ಲ ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಟ್ಟು, ನೀರು ನಿಲ್ಲಿಸಿದರೆ ಹುಳುವಿಗೆ ಊಟವಿಲ್ಲ. ಆ ಹೊತ್ತಿಗೆ ಬಾತುಕೋಳಿಗಳ ಹಿಂಡನ್ನು ಗದ್ದೆಗೆ ಬಿಡುತ್ತಾರೆ, ಉಳಿದ ಕಾಳನ್ನೂ ಹುಳುವನ್ನೂ ಅವು ಹೆಕ್ಕುತ್ತವೆ. ಕೆಳಗಿನವರಿಗೆ ನೀರು ಕೊಡದಿದ್ದರೆ ಅವರು ಮೇಲಿನವರ ಜೊತೆ ಹೆಜ್ಜೆ ಕೂಡಿಸಲಾರರು, ಕೆಳಗಿನ ಗದ್ದೆಯ ಹುಳು ಮೇಲಕ್ಕೆ ಹಾರಿ ಬರುತ್ತದೆ. ಕೆಳಗಿನವನಿಗೆ ನೀರು ಬೇಕು, ಮೇಲಿನವನಿಗೆ ಹುಳುವಿಲ್ಲದ ನೆರೆ ಬೇಕು. ಹಾಗೆಂದು ದ್ವೀಪದವರೆಲ್ಲ ಒಂದೇ ದಿನ ನಾಟಿಗೆ ಇಳಿದರೆ ಅಷ್ಟು ನೀರು ಎಲ್ಲಿಂದ ತರುವುದು? ಎಷ್ಟು ಜನ ಒಟ್ಟಿಗೆ, ಎಷ್ಟು ಜನ ಹಿಂದುಮುಂದಾಗಿ ಎಂಬುದನ್ನು ಹೊಳೆಯ ಮೇಲೂ ಕೆಳಗೂ ಇರುವ ನೀರಗುಡಿಗಳಲ್ಲಿ ಸೇರಿ ಪೂಜೆಯ ದಿನಗಳ ಜೊತೆಗೇ ನಿಶ್ಚಯಿಸುತ್ತಾರೆ. ಹಬ್ಬದ ಪಟ್ಟಿಯೇ ಬೇಸಾಯದ ಪಟ್ಟಿ.

ಇದನ್ನು ಮೂಢನಂಬಿಕೆ ಎಂದು ಪಕ್ಕಕ್ಕಿಟ್ಟ ಕಾಲವೂ ಬಂತು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಾಲಿಗೆ ಬಂದಾಗ ಹೊಸ ತಳಿ, ಗೊಬ್ಬರ, ಔಷಧಿ ಕೊಟ್ಟು, ಆದಷ್ಟು ಸಲ ಭತ್ತ ಬೆಳೆಯಿರಿ, ಗುಡಿಯ ಸರದಿಗೆ ಕಾಯಬೇಡಿ ಎಂದು ಸರ್ಕಾರ ಹೇಳಿತು. ಮೊದಲೊಂದೆರಡು ವರ್ಷ ಇಳುವರಿ ಏರಿತು. ಆಮೇಲೆ ಒಬ್ಬರ ಗದ್ದೆ ಕೊಯ್ಲಾದಾಗ ಇನ್ನೊಬ್ಬರದು ಹಸಿರಾಗಿತ್ತು, ಹುಳುವಿಗೆ ವರ್ಷವಿಡೀ ಊಟ ಸಿಕ್ಕಿತು. ಜಿಗಿಹುಳು, ಅದರ ಹಿಂದೆಯೇ ಭತ್ತದ ರೋಗ, ಅದರ ಹಿಂದೆ ನೀರಿನ ಜಗಳ. ರೈತರು ಹಳೆಯ ಸರದಿಯನ್ನು ಮರಳಿ ಕೊಡಿ ಎಂದು ಬೇಡಿಕೊಂಡರು.

ಆಗ ಅಲ್ಲಿ ಅಧ್ಯಯನ ಮಾಡುತ್ತಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಸೇರಿ ಹೊಳೆ, ಮಳೆ, ಗದ್ದೆ, ಹುಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಇಟ್ಟು ಲೆಕ್ಕ ಹಾಕಿದರು. ಒಬ್ಬೊಬ್ಬರೂ ತಮ್ಮಿಷ್ಟದಂತೆ ನಾಟಿ ಮಾಡಿದರೆ ಹುಳು ಗೆಲ್ಲುತ್ತದೆ, ಎಲ್ಲರೂ ಒಂದೇ ದಿನ ಮಾಡಿದರೆ ನೀರು ಸೋಲುತ್ತದೆ, ನೀರಗುಡಿಗಳ ಸರದಿ ಹಿಡಿದರೆ ಇಳುವರಿ ಹೆಚ್ಚುಕಮ್ಮಿ ಅತ್ಯುತ್ತಮ ಮಟ್ಟಕ್ಕೆ ಬರುತ್ತದೆ ಎಂದು ಆ ಲೆಕ್ಕ ತೋರಿಸಿತು. ಲ್ಯಾನ್ಸಿಂಗ್ 1991ರಲ್ಲಿ ಬರೆದ ‘ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್’ ಪುಸ್ತಕ ಈ ಕತೆಯದೇ. ನೀರಾವರಿ ಎಂಜಿನಿಯರುಗಳು, ಕೃಷಿ ವಿದ್ಯಾರ್ಥಿಗಳು ಅದನ್ನು ಓದಲೇಬೇಕು. ನಮ್ಮಲ್ಲೂ ಕೆರೆ, ತೂಬು, ಸರದಿಗಳ ತಿಳಿವಳಿಕೆ ಕಣ್ಣೆದುರೇ ಕರಗುತ್ತಿದೆ.

ಇನ್ನು ರಿಸಾರ್ಟುಗಳ ಮಾತು. 1966ರಲ್ಲಿ ಸನೂರ್ ಕಡಲದಂಡೆಯಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ಎದ್ದಿತು. ಅದನ್ನು ನೋಡಿದ ಮೇಲೆ, ತೆಂಗಿನ ಮರಕ್ಕಿಂತ ಎತ್ತರಕ್ಕೆ ಕಟ್ಟಡ ಹೋಗಬಾರದು, 15 ಮೀಟರಿಗೆ ನಿಲ್ಲಬೇಕು ಎಂಬ ನಿಯಮ ಬಂತು. ಬಾಲಿಯ ಆಕಾಶರೇಖೆ ಇಂದಿಗೂ ಮರಗಳದ್ದೇ ಆಗಿರುವುದಕ್ಕೆ ಆ ನಿಯಮ ಕಾರಣ. 1971ರಲ್ಲಿ ಫ್ರೆಂಚ್ ತಜ್ಞರು ಪ್ರವಾಸೋದ್ಯಮದ ಯೋಜನೆ ಬರೆದಾಗ ದೊಡ್ಡ ಹೋಟೆಲುಗಳಿಗೆ ನುಸಾ ದುವಾ ಎಂಬ ಜಾಗ ಆರಿಸಿದರು. ಅದಕ್ಕೆ ಒಳ್ಳೆಯ ಕಾರಣವಿತ್ತು. ದ್ವೀಪದ ತೆಂಕಣ ತುದಿಯ ಆ ಭಾಗ ಜ್ವಾಲಾಮುಖಿಯ ನೆಲವಲ್ಲ, ಸುಣ್ಣಕಲ್ಲಿನದು. ಹವಳದ ಬಿಳಿ ಮರಳು ಅಲ್ಲಿರುವುದೂ ಅದಕ್ಕೇ. ಉತ್ತರದ ಲೊವಿನಾ, ಪೂರ್ವದ ಅಮೆಡ್ ಕಡೆಯ ಮರಳು ಬೆಟ್ಟದಿಂದ ಬಂದದ್ದು, ಇದ್ದಿಲಪುಡಿಯ ಬಣ್ಣ. ಸುಣ್ಣಕಲ್ಲಿನಲ್ಲಿ ಭತ್ತ ಬೆಳೆಯುವುದಿಲ್ಲ, ಹಾಗಾಗಿ ಗದ್ದೆ ಕಳೆದುಕೊಳ್ಳುವ ಭಯವಿಲ್ಲ.

ಆದರೆ ಯೋಜನೆ ಎಣಿಸಿದಂತೆ ಹೋಟೆಲುಗಳು ನುಸಾ ದುವಾದ ಬೇಲಿಯೊಳಗೇ ನಿಲ್ಲಲಿಲ್ಲ. ಸುಣ್ಣಕಲ್ಲಿನ ನೆಲದಲ್ಲಿ ನೀರೂ ನಿಲ್ಲುವುದಿಲ್ಲ. ಅಲ್ಲಿನ ಈಜುಕೊಳ, ಹುಲ್ಲುಹಾಸು, ಗಾಲ್ಫ್ ಮೈದಾನಕ್ಕೆ ನೀರು ಬೇರೆ ಕಡೆಯಿಂದ ಬರಬೇಕು. ದಕ್ಷಿಣ ಬಾಲಿಯ ಕೆಲವು ಕಡೆ ಕೊಳವೆಬಾವಿಗೆ ಉಪ್ಪುನೀರು ನುಗ್ಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಖಾಸಗಿ ವಿಲ್ಲಾಗಳು ಚಂಗುವಿನಿಂದ ಉಬುದಿನವರೆಗೆ ನೇರವಾಗಿ ಗದ್ದೆಗೇ ಇಳಿದಿವೆ. ‘ಗದ್ದೆ ನೋಟ’ ಎಂದು ಮಾರುವ ವಿಲ್ಲಾಕ್ಕೆ ಕಟ್ಟಲು ಬೇಕಾಗುವುದೂ ಗದ್ದೆಯೇ. ಒಂದು ಗದ್ದೆಯಲ್ಲಿ ಗೋಡೆ ಎದ್ದರೆ ಅದರಡಿ ಹಾಯುವ ಕಾಲುವೆ ಕಟ್ಟುತ್ತದೆ, ಕೆಳಗಿನ ಹತ್ತು ಗದ್ದೆ ಒಣಗುತ್ತವೆ. ಸುತ್ತಲಿನ ಜಾಗದ ಬೆಲೆ ಏರಿದಂತೆ ರೈತನ ಭೂಕಂದಾಯವೂ ಏರುತ್ತದೆ, ಭತ್ತದ ಆದಾಯದಲ್ಲಿ ಅದನ್ನು ಕಟ್ಟಲಾಗದೆ ಅವನೂ ಮಾರುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಡೆನ್ಪಸಾರ್ ಸುತ್ತಮುತ್ತ ನೆರೆ ಬಂದು ಹತ್ತಾರು ಜೀವ ಹೋದಾಗ ಗದ್ದೆಯ ಮೇಲೆ ಹೋಟೆಲು, ವಿಲ್ಲಾ ಕಟ್ಟುವುದನ್ನು ನಿಲ್ಲಿಸಬೇಕೆಂಬ ಮಾತು ಸರ್ಕಾರದಿಂದಲೇ ಬಂತು. ಮಳೆನೀರು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತಿದ್ದದ್ದು ಆ ಮೆಟ್ಟಿಲುಗದ್ದೆಗಳೇ.

ಹಾಗಾದರೆ ಹೋಗಬಾರದೇ? ಹೋಗಬೇಕು. ಬಾಲಿಯ ಬಹಳಷ್ಟು ಮನೆಗಳ ಒಲೆ ಉರಿಯುವುದು ಬರುವ ಅತಿಥಿಗಳಿಂದ. ಕೊರೊನಾ ಕಾಲದಲ್ಲಿ ದ್ವೀಪ ಮುಚ್ಚಿದಾಗ ಹೋಟೆಲು ಕೆಲಸ ಬಿಟ್ಟು ಎಷ್ಟೋ ಮಂದಿ ಗದ್ದೆಗೆ ಮರಳಿದ್ದರು. ಗದ್ದೆ ಇದ್ದದ್ದರಿಂದ ಮರಳಲು ಸಾಧ್ಯವಾಯಿತು. ಹೋಗುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಮೊದಲು ಕಾಲ. ನಮ್ಮ ಮುಂಗಾರಿನ ತಿಂಗಳುಗಳು ಅಲ್ಲಿ ಒಣಗಾಲ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆಕಾಶ ತಿಳಿ, ನವೆಂಬರಿನಿಂದ ಮಾರ್ಚಿನವರೆಗೆ ಮಳೆ. ಜುಲೈನಲ್ಲಿ ಆಗುಂಬೆ ಜಡಿಮಳೆಯಲ್ಲಿ ತೊಯ್ಯುವಾಗ ಸಿಡೆಮೆನ್ನಿನಲ್ಲಿ ಸಂಜೆಗೆ ತಂಗಾಳಿ. ಜುಲೈ, ಆಗಸ್ಟಿನಲ್ಲಿ ಜನಸಂದಣಿ ಹೆಚ್ಚು. ನನ್ನನ್ನು ಕೇಳಿದರೆ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ.

ಜ್ವಾಲಾಮುಖಿಯ ಭಯ ಕೆಲವರಿಗಿರುತ್ತದೆ. ಇಂಡೋನೇಷ್ಯಾ ಸರ್ಕಾರ ಒಂದೊಂದು ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಇಟ್ಟುಕೊಂಡು ಹಗಲಿರುಳು ಕಾಯುತ್ತದೆ. 2017ರಲ್ಲಿ ಅಗುಂಗ್ ಮತ್ತೆ ಎದ್ದಾಗ ಅದು ಸಿಡಿಯುವ ಎರಡು ತಿಂಗಳ ಮೊದಲೇ ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿದ್ದರು. ಆ ನವೆಂಬರಿನಲ್ಲಿ ಬೂದಿಯಿಂದಾಗಿ ವಿಮಾನ ನಿಲ್ದಾಣ ಎರಡು ದಿನಕ್ಕೂ ಹೆಚ್ಚು ಮುಚ್ಚಿತ್ತು. ಬೂದಿ ವಿಮಾನದ ಎಂಜಿನ್ನಿನ ಶಾಖಕ್ಕೆ ಕರಗಿ ಗಾಜಿನಂತೆ ಅಂಟಿಕೊಳ್ಳುತ್ತದೆ, ಅದಕ್ಕೇ ಹಾರಾಟ ನಿಲ್ಲಿಸುವುದು. 2024ರ ನವೆಂಬರಿನಲ್ಲಿ ದೂರದ ಫ್ಲೋರೆಸ್ ದ್ವೀಪದ ಬೆಟ್ಟ ಉಗುಳಿದ ಬೂದಿಗೂ ಬಾಲಿಯ ವಿಮಾನಗಳು ರದ್ದಾದವು. ಆದ್ದರಿಂದ ಪ್ರವಾಸ ವಿಮೆ ಮಾಡಿಸಿ, ಮರಳಿದ ಮರುದಿನವೇ ಮದುವೆ, ಪರೀಕ್ಷೆ ಇಟ್ಟುಕೊಳ್ಳಬೇಡಿ.

ವಿದೇಶಿಯರೆಲ್ಲ 1,50,000 ಇಂಡೋನೇಷ್ಯಾ ರುಪಿಯಾ ಪ್ರವಾಸಿ ಶುಲ್ಕ ಕಟ್ಟಬೇಕೆಂಬ ನಿಯಮ 2024ರ ಫೆಬ್ರುವರಿಯಿಂದ ಇದೆ. ಸೊನ್ನೆ ನೋಡಿ ಹೆದರಬೇಕಿಲ್ಲ, ನಮ್ಮ ಹಣದಲ್ಲಿ ಸಾವಿರದೊಳಗೆ. ಗದ್ದೆ ನೋಡಲು ಊರಿನವರು ಕೇಳುವ ಚೀಟಿಯ ಹಣವನ್ನೂ ಚೌಕಾಸಿ ಮಾಡದೆ ಕೊಡಿ. ಸಸ್ಯಾಹಾರಿಗಳು ‘ತೆರಾಸಿ’ ಎಂಬ ಮಾತು ನೆನಪಿಡಬೇಕು. ಅದು ಸಿಗಡಿಯ ಗೊಜ್ಜು, ತರಕಾರಿ ಪಲ್ಯಕ್ಕೂ ಬೀಳುತ್ತದೆ. ಅದಿಲ್ಲದ ‘ಉರಪ್’ ಮಾಡಿಸಿಕೊಳ್ಳಿ: ಬೇಯಿಸಿದ ಸೊಪ್ಪು, ಕಾಯಿತುರಿ, ಒಗ್ಗರಣೆಯಿಲ್ಲದ ನಮ್ಮ ಪಲ್ಯವೇ ಸರಿ.

ಕಿಂತಾಮಣಿಯಲ್ಲಿ ಕಾಫಿ ಕುಡಿಯಲೇಬೇಕು. ಕೊಡಗಿನಲ್ಲಿದ್ದಂತೆ ಅಲ್ಲೂ ಕಾಫಿಯ ನಡುವೆ ಕಿತ್ತಳೆ. ಡಚ್ಚರು 1690ರ ದಶಕದಲ್ಲಿ ಕಾಫಿ ಗಿಡಗಳನ್ನು ಜಾವಾಕ್ಕೆ ಒಯ್ದದ್ದು ನಮ್ಮ ಪಕ್ಕದ ಮಲಬಾರಿನಿಂದ. ಆದರೆ ‘ಲುವಾಕ್ ಕಾಫಿ’ ಎಂದು ಪುನುಗು ಬೆಕ್ಕಿನ ಜಾತಿಯ ಪ್ರಾಣಿಯನ್ನು ಗೂಡಿನಲ್ಲಿಟ್ಟು ಹಣ್ಣು ತಿನ್ನಿಸಿ ಮಾಡುವುದನ್ನು ಕೊಳ್ಳಬೇಡಿ. ಆ ಗೂಡುಗಳನ್ನು ಒಮ್ಮೆ ನೋಡಿದವರಿಗೆ ಆ ಕಾಫಿ ಗಂಟಲಲ್ಲಿ ಇಳಿಯದು.

ಎಲ್ಲಕ್ಕಿಂತ ಮುಖ್ಯ, ಉಳಿಯುವ ಜಾಗ. ವಾರದ ರಜೆಯಲ್ಲಿ ಎರಡು ದಿನ ಕಡಲಿಗೆ ಕೊಡಿ, ಉಳಿದದ್ದನ್ನು ಬೆಟ್ಟದ ಕಡೆಗೆ ಕೊಡಿ: ಸಿಡೆಮೆನ್, ಮುಂಡುಕ್, ಜತಿಲುವಿ. ಗದ್ದೆ ಇಟ್ಟುಕೊಂಡೇ ನಾಲ್ಕು ಕೋಣೆ ಬಾಡಿಗೆಗೆ ಕೊಡುವ ಮನೆಯವರಲ್ಲಿ ಉಳಿಯಿರಿ. ಕೋಣೆಗೊಂದು ಖಾಸಗಿ ಈಜುಕೊಳ ಬೇಕೇ ಎಂದು ಬುಕ್ ಮಾಡುವ ಮೊದಲು ಯೋಚಿಸಿ, ಆ ನೀರಿಗೆ ಕೆಳಗಿನ ಗದ್ದೆಯಲ್ಲಿ ಒಬ್ಬ ಸರದಿಗೆ ಕಾಯುತ್ತಿರುತ್ತಾನೆ. ಬೆಳಿಗ್ಗೆ ಗದ್ದೆಗೆ ನಡೆಯಲು ಹೋದರೆ ಕಾಲುವೆಗೆ ಪ್ಲಾಸ್ಟಿಕ್ ಬಿಸಾಡಬೇಡಿ, ದಿಮ್ಮಿಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ. ಬದು ಒಬ್ಬರು ನಡೆಯುವಷ್ಟೇ ಅಗಲ. ಎದುರಿಗೆ ಹುಲ್ಲಿನ ಹೊರೆ ಹೊತ್ತವರು ಬಂದರೆ ಬದಿಗೆ ಇಳಿದು ಅವರಿಗೆ ದಾರಿ ಬಿಡಿ.